ಶರಣಿಯ ಹೊಟ್ಟೆ, ಸಾಲಿಯ ಉಸುಕು

ನಮ್ಮ ಮನೆಯವರಿಗೆ ಅಕ್ಷರ ಗೊತ್ತಿತ್ತು, ಮಗ್ಗಿ ಗೊತ್ತಿತ್ತು, ಪುರಾಣ ಗೊತ್ತಿತ್ತು. ಬೆಕ್ಕಿನ ಮರಿಗೆ ಹೊಟ್ಟೆ ಕೆಟ್ಟರೆ ಏನು ಮಾಡಬೇಕೆಂಬುದೊಂದು ಗೊತ್ತಿರಲಿಲ್ಲ. ‘ಗೊತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳುವುದಂತೂ ಅವರ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷದ ಮಾತು. ಗಂಗಾವತಿಯಲ್ಲಿ ನಮ್ಮ ಮನೆಯ ಪಡಸಾಲೆಯೇ ಅಮರಪ್ಪ ಮಾಸ್ತರರ, ಅಂದರೆ ನನ್ನ ಗಂಡನ, ಸಾಲಿ. ಇಪ್ಪತ್ತು ಇಪ್ಪತ್ತೈದು ಹುಡುಗರು ಬರುತ್ತಿದ್ದರು. ಹೊಸದಾಗಿ ಸೇರಿದವರಿಗೆ ಪಾಟಿ ಇಲ್ಲ. ನೆಲದ ಮೇಲೆ ಉಸುಕು ಹರವಿ, ಬೆರಳಿನಿಂದ ಅದರಲ್ಲೇ ಅಕ್ಷರ ತಿದ್ದಬೇಕು. ಸಿಕ್ಕಸಿಕ್ಕ ಉಸುಕು ನಡೆಯುತ್ತಿರಲಿಲ್ಲ. ಆನೆಗೊಂದಿ ಹೊಳೆಯಿಂದ ಬಂಡಿಯಲ್ಲಿ ತರಿಸಿ, ತೊಳೆದು, ಒಣಗಿಸಿ, ಜರಡಿ ಹಿಡಿದದ್ದೇ ಆಗಬೇಕು. ತರಿಸುವವರು ಮಾಸ್ತರರು. ತೊಳೆಯುವುದು, ಒಣಗಿಸುವುದು, ಜರಡಿ ಹಿಡಿಯುವುದು ವಿರೂಪಾಕ್ಷಮ್ಮನ ಕೆಲಸ, ಅಂದರೆ ನನ್ನದು. ಹತ್ತು ವರ್ಷ ಆ ಉಸುಕನ್ನು ಕೈಯಲ್ಲಿ ಆಡಿಸಿದ್ದೆ. ಅದರೊಳಗಿನ ಒಂದು ಅಕ್ಷರವೂ ನನಗೆ ಬರುತ್ತಿರಲಿಲ್ಲ. ಕಲಿಸಿರಿ ಎಂದು ಒಮ್ಮೆ ಕೇಳಿದ್ದೆ. "ರೊಟ್ಟಿ ಬಡಿಯಾಕ ಅಕ್ಷರ ಯಾಕ ಬೇಕು?" ಎಂದಿದ್ದರು.

ಖಾಸಗಿ ಸಾಲಿ ನಡೆಸುವುದಕ್ಕೆ ಆಗ ಸರ್ಕಾರದ ಅಪ್ಪಣೆ ಬೇಕಿತ್ತು. ನಮ್ಮ ಕಡೆ ಸರ್ಕಾರದ ಭಾಷೆ ಉರ್ದು, ಅರ್ಜಿಯೂ ಅದರಲ್ಲೇ ಕೊಡಬೇಕು. ನಮ್ಮವರಿಗೆ ಉರ್ದು ಅಲಿಫ್ ಎಂದರೂ ತಿಳಿಯದು. ಪಕ್ಕದ ಮನೆಯ ತಾಜಬೀಯ ಅಣ್ಣ ಮಕ್ಬುಲಸಾಬರು ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವರು, ಅವರೇ ಬರೆದುಕೊಟ್ಟಿದ್ದರು. ಅರ್ಜಿ ಹೋಗಿ ಮೂರು ವರ್ಷವಾದ ಮೇಲೆ ಸುದ್ದಿ ಬಂತು: ಇನ್ನು ಒಂದು ತಿಂಗಳಿಗೆ ರಾಯಚೂರಿನಿಂದ ಸಾಹೇಬರು ಸಾಲಿ ನೋಡಲು ಬರುತ್ತಾರೆ.

ಅಪ್ಪಣೆ ಸಿಗದಿದ್ದರೆ ಸಾಲಿ ಬಂದ್. ಸಾಲಿ ಬಂದ್ ಆದರೆ ನಾವು ಗಂಟುಮೂಟೆ ಕಟ್ಟಿಕೊಂಡು ಕುಷ್ಟಗಿಗೆ, ಭಾವನವರ ಮನೆಗೆ ಹೋಗಬೇಕು. ಅಲ್ಲಿ ಅವರ ಹೆಂಡತಿ, ನನ್ನ ನೆಗೆಣ್ಣಿ ಶೇಖರಮ್ಮ ಇದ್ದಾಳೆ. ಮದುವೆಯಾದ ಹೊಸದರಲ್ಲಿ ಎರಡು ವರ್ಷ ಅವಳ ಕೈಯ ಅನ್ನ ಉಂಡಿದ್ದೇನೆ. ಎರಡನೆಯ ರೊಟ್ಟಿ ಹಾಕುವ ಮುಂಚೆ ಅವಳು ನನ್ನ ಮುಖವನ್ನು ಒಮ್ಮೆ, ರೊಟ್ಟಿಯನ್ನು ಒಮ್ಮೆ ನೋಡುತ್ತಿದ್ದಳು. ಮತ್ತೆ ಆ ಮನೆಗೆ ಹೋಗುವುದಕ್ಕಿಂತ ಹೊಳೆಗೆ ಹೋಗುವುದು ಮೇಲು ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಬೆಕ್ಕಿನ ಮರಿ. ಅಟ್ಟದಲ್ಲಿ ಮರಿ ಹಾಕಿದ ತಾಯಿಬೆಕ್ಕು ಒಂದನ್ನು ಬಿಟ್ಟು ಹೋಗಿತ್ತು. ಎರಡು ತಿಂಗಳ ಕರಿ ಮರಿ. ಮಾಸ್ತರರು ಅದಕ್ಕೆ ಹಾಲೆರೆದು, ಹಣೆಗೆ ವಿಭೂತಿ ಬಳಿದು, ‘ಶರಣಿ’ ಎಂದು ಹೆಸರಿಟ್ಟರು. ಬಂದವರ ಮುಂದೆಲ್ಲ ಅದರದೇ ಪುರಾಣ.

"ನಮ್ಮ ಶರಣಿ ಮಾಂಸ ಮೂಸಿ ಸೈತ ನೋಡೋದಿಲ್ಲ. ಲಿಂಗವಂತರ ಮನಿ ಬೆಕ್ಕು ಅದು. ಸಂಗ ಛಲೋ ಇದ್ರ ಸ್ವಭಾವ ತಾನ ತಿದ್ದತೈತಿ!"

ನಮ್ಮ ಮನೆಯಲ್ಲಿ ಅದಕ್ಕೆ ಮಾಂಸ ತೋರಿಸಿದವರಾದರೂ ಯಾರು? ಆದರೆ ಮಾಸ್ತರರ ಮಾತಿಗೆ ಊರೆಲ್ಲ ತಲೆದೂಗಿತು. ಪ್ರತಿ ಸೋಮವಾರ ಹುಡುಗರು ಮಾಸ್ತರರ ಪೂಜೆಗೆಂದು ಒಂದೊಂದು ಗಿಂಡಿ ಹಾಲು ತರುವುದು ಸಾಲಿಯ ಪದ್ಧತಿ. ಶರಣಿಯ ಕೀರ್ತಿ ಹಬ್ಬಿದ ಮೇಲೆ ಆ ಹಾಲು ದಿನಾ ಬರತೊಡಗಿತು. ಅಷ್ಟಷ್ಟು ಹಾಲು ಕುಡಿದು ಶರಣಿಯ ಹೊಟ್ಟೆ ತಮಟೆಯಂತೆ ಉಬ್ಬಿತು, ಆಮೇಲೆ ಸಡಿಲಾಯಿತು.

ಒಂದು ಮುಂಜಾನೆ ಸಾಲಿಯ ಹುಡುಗನೊಬ್ಬ ‘ಓಂ’ ಎಂದು ತಿದ್ದಲು ಉಸುಕಿಗೆ ಬೆರಳಿಟ್ಟ. ತೆಗೆದು ಮೂಸಿದ. ಮುಂದಿನದು ಹೇಳಬೇಕಾಗಿಲ್ಲ. ಪಡಸಾಲೆಯ ತುಂಬ ವಾಸನೆ.

ಮಾಸ್ತರರು ಮೊದಲು ಆ ಹುಡುಗನನ್ನೇ ಗದರಿಸಿದರು. ಆಮೇಲೆ ನೆಟ್ಟಗೆ ತಾಜಬೀಯ ಬಾಗಿಲಿಗೆ ಹೋಗಿ ನಿಂತರು. "ನಿನ್ನ ಆಡು ಬಂದು ನಮ್ಮ ಉಸುಕು ಕೆಡಿಸೇತಿ!" ಎಂದು ಕೂಗಾಡಿದರು. ಆಡಿನ ಹಿಕ್ಕೆಗೂ ಇದಕ್ಕೂ ಭೇದ ತಿಳಿಯದವರು ಊರ ಮಕ್ಕಳಿಗೆ ವಿದ್ಯೆ ಹೇಳುತ್ತಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಶರಣಿ ಎಲ್ಲರ ಕಣ್ಣೆದುರಿಗೇ ಉಸುಕು ಕೆದರಿ ಕೂತಾಗ ಆಡಿನ ಮೇಲಿನ ಆಪಾದನೆ ತಾನಾಗಿ ವಜಾ ಆಯಿತು. ಆಗ ವೈದ್ಯ ಶುರುವಾಯಿತು. ನಮ್ಮತ್ತೆ ಪಂಪಮ್ಮನವರು ಬಜೆ ತೇಯ್ದು ನೆಕ್ಕಿಸಿ, ಕೊರಳಿಗೆ ಕರಿದಾರ ಕಟ್ಟಿ, ಹೇಮಗುಡ್ಡದ ದುರ್ಗವ್ವನಿಗೆ ಹರಕೆ ಹೊತ್ತರು. ನಾಟಿ ಔಷಧದ ಹುಚ್ಚೀರಪ್ಪ ಬಂದು, ಬೆಕ್ಕಿನ ಮುಂಗಾಲು ಹಿಡಿದು ನಾಡಿ ನೋಡಿದ.

"ಉಷ್ಣ ಆಗೇತ್ರಿ ಮಾಸ್ತರ. ಹಾಲಿನಾಗ ತುಪ್ಪ ಹಾಕಿ ದಿನಾ ಮೂರು ಹೊತ್ತು ಕೊಡ್ರಿ, ತಂಪಾಗತೈತಿ."

ಕೊಟ್ಟರು. ತಂಪಾದದ್ದು ನಮ್ಮ ನೆಲ ಮಾತ್ರ. ದಿನಕ್ಕೆ ಐದು ಸಲ ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಲಿಗಳು ಆರಾಮಾಗಿದ್ದವು, ಸಂಕಟವೆಲ್ಲ ಬೆಕ್ಕಿಗೆ ಮತ್ತು ನನಗೆ. ಒಲೆಯ ಹತ್ತಿರ ಒಂದು ಬುಟ್ಟಿಯಲ್ಲಿ ಬೂದಿ ತುಂಬಿಟ್ಟೆ. ಶರಣಿ ಅದನ್ನು ಮೂಸಿ, ನನ್ನ ಮುಖ ನೋಡಿ, ಮತ್ತೆ ಸಾಲಿಯ ಉಸುಕಿಗೇ ಹೋಯಿತು. ಮರಿ ಬಡಕಲಾಗಿ, ಎದೆಯ ಎಲುಬು ಎಣಿಸುವ ಹಾಗಾಯಿತು. ಸಿಟ್ಟೂ ಬರುತ್ತಿತ್ತು, ಅದರ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಲೂ ಇತ್ತು.

ಸಾಹೇಬರು ಬರಲು ಒಂಬತ್ತು ದಿನವಿತ್ತು. ಹಿತ್ತಲಿನಲ್ಲಿ ಉಸುಕು ತೊಳೆಯುತ್ತ ಕಣ್ಣೀರು ಹಾಕುತ್ತಿದ್ದೆ. ಮೋಟುಗೋಡೆಯ ಆಚೆಯಿಂದ ತಾಜಬೀ ಕರೆದಳು. ಮೊನ್ನೆ ಬೈಸಿಕೊಂಡವಳು, ಆದರೂ ಮುಖದಲ್ಲಿ ನಗೆ.

"ಯಕ್ಕಾ, ಅಳಬ್ಯಾಡ್ರಿ. ಮೊದಲು ಆ ಹಾಲು ಬಂದ್ ಮಾಡ್ರಿ. ಆಕಳ ಹಾಲು ಆಕಳ ಕರುವಿಗೆ. ಮರಿಗೆ ಹಲ್ಲು ಬಂದಾವ, ನೀವು ಇನ್ನಾ ಹಾಲು ಹೊಯ್ತೀರಿ, ಹೊಟ್ಟಿ ಏನ್ ಮಾಡಬೇಕು?"

"ಹಂಗಾರ ಏನ್ ಕೊಡಬೇಕ ಬೀ?"

"ಕುಡಿಯಾಕ ಬರೇ ನೀರು. ತಿನ್ನಾಕ..." ಅವಳು ದನಿ ತಗ್ಗಿಸಿದಳು. "ಉಪ್ಪು ಖಾರ ಇಲ್ಲದ್ದು, ಮೆತ್ತಗ ಕುದಿಸಿದ ಕೋಳಿ. ನಾಕ ಎಳಿ ಸಾಕು."

"ಶಿವ ಶಿವಾ! ನಮ್ಮ ಮನ್ಯಾಗ?"

"ನಿಮ್ಮ ಮನ್ಯಾಗ ಯಾಕ? ಮಧ್ಯಾಹ್ನ ನಿಮ್ಮ ಯಜಮಾನ್ರು ಅಡ್ಡಾದಾಗ ಇಲ್ಲಿ ತಗೊಂಬರ್ರಿ. ಮತ್ತ ಆ ಬುಟ್ಟಿ ಎಲ್ಲಿಟ್ಟೀರಿ?"

"ಅದರ ಬಟ್ಟಲದ ಬಾಜೂಕ."

"ಅಲ್ರೀ ಯಕ್ಕಾ, ಉಣ್ಣೋ ತಾಟಿನ ಬಾಜೂಕ ನೀವಾರ ಕುಂದರ್ತೀರೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೂರ ಮೂಲ್ಯಾಗ ಇಡ್ರಿ. ಬೂದಿ ಬ್ಯಾಡ, ಉಸುಕು ಹಾಕ್ರಿ, ಅದಕ್ಕ ಉಸುಕಿನ ರೂಢಿ ಬಿದ್ದೈತಿ. ದಿನಾ ಹೊಲಸು ತೆಗೀರಿ. ಪಡಸಾಲ್ಯಾಗಿನ ಹಳೇ ಉಸುಕು ಪೂರಾ ಹೊರಗ ಚೆಲ್ಲಿ ನೆಲ ತಿಕ್ಕಿ ತೊಳೀರಿ. ವಾಸನಿ ಉಳದ್ರ ಮತ್ತ ಅಲ್ಲೇ ಬರ್ತೈತಿ."

ಸಂಜೆ ಮನೆಯವರ ಮುಂದೆ ಹಾಲಿನ ಮಾತನ್ನಷ್ಟೇ ತೆಗೆದೆ. ಅವರು ಪೇಟ ಸರಿಪಡಿಸಿಕೊಂಡರು. "ಹಾಲು ಅಂದ್ರ ಅಮೃತ. ಅಮೃತ ಕುಡದು ಸತ್ತವರನ್ನ ಎಲ್ಲೆರ ಕೇಳಿಯೇನು? ಹೆಣ್ಣುಮಕ್ಕಳ ಮಾತು ಕೇಳಿ ಸಾಲಿ ನಡಸಾಕ ಆಗ್ತೈತಾ?"

ಸರಿ. ಕೇಳದವರಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವುದೇಕೆ? ಮರುದಿನದಿಂದ ಶರಣಿಯ ಹಾಲನ್ನು ನಮ್ಮತ್ತೆಯ ಚಹಕ್ಕೆ ಸುರಿದೆ. ಆ ವಾರ ಅತ್ತೆ ನನ್ನನ್ನು ಓಣಿಯ ತುಂಬ ಹೊಗಳಿದರು. ಮಧ್ಯಾಹ್ನ ಪಡಸಾಲೆಯಿಂದ ಗೊರಕೆ ಕೇಳಿದ ಕೂಡಲೇ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾಜಬೀಯ ಹಿತ್ತಲಿಗೆ ಹೋದೆ. ಬಟ್ಟಲು ಇಟ್ಟಾಗ ನಾನು ಕಣ್ಣು ಮುಚ್ಚಿಕೊಂಡು ನಿಂತೆ. ಶರಣಿ ಗುರ್ ಗುರ್ ಎಂದು ಸದ್ದು ಮಾಡುತ್ತ ತಿಂದಿತು. ಸಂಗದಿಂದ ತಿದ್ದಿದ ಸ್ವಭಾವ ಅರೆಗಳಿಗೆಯಲ್ಲಿ ಮುಗಿದುಹೋಯಿತು.

ಐದು ದಿನದಲ್ಲಿ ಮರಿಯ ಹೊಟ್ಟೆ ಸರಿಹೋಯಿತು. ಮೂಲೆಯ ಉಸುಕಿನ ಬುಟ್ಟಿಗೆ ತಾನಾಗಿ ಹೋಗಿ, ಕೆಲಸ ಮುಗಿಸಿ, ಮುಂಗಾಲಿನಿಂದ ಮುಚ್ಚಿ ಬರತೊಡಗಿತು. ಮಾಸ್ತರರು ತುಪ್ಪದ ಹಾಲಿನ ಗುಣ ಎಂದರು, ಅತ್ತೆ ದುರ್ಗವ್ವನ ಕೃಪೆ ಎಂದರು, ಹುಚ್ಚೀರಪ್ಪ ಒಂದು ತೆಂಗಿನಕಾಯಿ ಕಾಣಿಕೆ ಇಸಿದುಕೊಂಡು ಹೋದ. ನಾನು ಬಾಯಿ ಮುಚ್ಚಿಕೊಂಡು ಜರಡಿ ಹಿಡಿದೆ.

ಸಾಹೇಬರು ಬರುವ ದಿನ ಮುಂಜಾನೆ ಪಡಸಾಲೆಗೆ ಹೊಸ ಉಸುಕು ಹರವಿ ಒಳಗೆ ಬಂದರೆ, ಶರಣಿಯ ಬಟ್ಟಲಿನಲ್ಲಿ ಹಾಲಿನ ಕೆನೆ ಅಂಟಿತ್ತು. ಮೂಲೆಯ ಬುಟ್ಟಿ ಮಾಯವಾಗಿತ್ತು.

"ಹಾಲು ಹಾಕಿದ್ರೇನ್ರಿ?"

"ಬಟ್ಟಲ ತುಂಬ, ತುಪ್ಪ ಬಿಟ್ಟು ಹಾಕೀನಿ. ಸಾಹೇಬ್ರ ಮುಂದ ಕಳಿಕಳಿಯಾಗಿ ಕಾಣಬೇಕು ಅದು. ಆ ಹೊಲಸು ಬುಟ್ಟಿ ಹಿತ್ತಲ ಬಣವಿ ಹಿಂದ ಒಗದೀನಿ."

ಏನಾದರೂ ಅನ್ನುವಷ್ಟರಲ್ಲಿ ಹೊರಗೆ ಟಾಂಗಾ ನಿಂತ ಸದ್ದಾಯಿತು.

ಸಾಹೇಬರು ರಾಯಚೂರಿನವರು, ಕನ್ನಡ ಬಲ್ಲವರು. ಬೂಟು ಕಳಚಿಟ್ಟು ಒಳಗೆ ಬಂದರು. ಮಗ್ಗಿ ಕೇಳಿದರು, ಹುಡುಗರು ಹೇಳಿದರು. ಆಮೇಲೆ ಉಸುಕಿನ ಮುಂದೆ ಚಕ್ಕಳಬಕ್ಕಳ ಹಾಕಿ ಕೂತು, "ನಾನೂ ಒಂದ್ ಅಕ್ಷರ ಬರೀತೀನಿ, ತಪ್ಪಿದ್ರ ಹೇಳ್ರಿ" ಎಂದು ಬೆರಳು ಮುಂದೆ ಮಾಡಿದರು. ಮನುಷ್ಯ ಒಳ್ಳೆಯವನೇ ಎಂದು ಬಾಗಿಲ ಮರೆಯಲ್ಲಿ ನಿಂತು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ನಮ್ಮವರು ಶುರು ಮಾಡಿದರು.

"ನಮ್ಮ ಸಾಲಿ ಶಿಸ್ತು ಎಂಥಾದು ಅಂದ್ರ ಸಾಹೇಬ್ರ, ಇಲ್ಲಿ ಬೆಕ್ಕು ಸೈತ ಮಾಂಸ ಬಿಟ್ಟೈತಿ. ಹಾಲು ಒಂದ. ಶರಣೀ, ಬಾ ತಂಗಿ!"

ಶರಣಿ ಬಂತು. ಹೊಟ್ಟೆಯ ಗುಡುಗುಡು ನನಗೆ ಬಾಗಿಲವರೆಗೆ ಕೇಳಿಸಿತು. ಮೂಲೆಗೆ ಹೋಯಿತು, ಬುಟ್ಟಿ ಇಲ್ಲ. ಅತ್ತ ನೋಡಿತು, ಇತ್ತ ನೋಡಿತು. ನೇರವಾಗಿ ಬಂದು ಸಾಹೇಬರ ಬೆರಳಿನಿಂದ ಗೇಣು ದೂರದಲ್ಲಿ ಉಸುಕು ಕೆದರತೊಡಗಿತು.

ನನ್ನ ಕಣ್ಣ ಮುಂದೆ ಶೇಖರಮ್ಮ ರೊಟ್ಟಿ ಹಿಡಿದು ನಿಂತಳು.

ಪರಗಂಡಸರ ಮುಂದೆ ಬರಬಾರದು, ಅಧಿಕಾರಿಗಳ ಮುಂದಂತೂ ಬರಲೇಬಾರದು, ಎಲ್ಲ ಗೊತ್ತಿತ್ತು. ಬಣವೆಯ ಹಿಂದೆ ಓಡಿದೆ, ಬುಟ್ಟಿ ಎತ್ತಿಕೊಂಡು ಪಡಸಾಲೆಗೆ ನುಗ್ಗಿದೆ, ಮರಿಯ ಕತ್ತಿನ ತೊಗಲು ಹಿಡಿದು ಬುಟ್ಟಿಯಲ್ಲಿ ಕೂರಿಸಿದೆ. ಕೂರಿಸುವುದಕ್ಕೂ ಅದು ಬಿಡುವುದಕ್ಕೂ ಸರಿಹೋಯಿತು. ಇಪ್ಪತ್ತೈದು ಹುಡುಗರು ಉಸಿರು ಬಿಗಿಹಿಡಿದು ಕೂತರು. ಸಾಹೇಬರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ಏನಾಗೇತಿ ಇದಕ್ಕ?"

ನನಗೆ ಎಲ್ಲಿತ್ತೋ ಆ ಸಿಟ್ಟು. "ಏನಾಗೇತ್ರಿ! ಹಾಲು ಬ್ಯಾಡ ಬ್ಯಾಡ ಅಂತ ಬಡಕೊಂಡೆ, ಕೇಳಲಿಲ್ಲ. ಐದು ದಿನ ತಾಜಬೀ ಹಿತ್ತಲದಾಗ ಕೋಳಿ ತಿಂದು ಗುಣ ಆಗಿತ್ತು. ಇವತ್ತ ನಿಮಗ ತೋರಸಾಕ ಅಂತ ಮತ್ತ ಬಟ್ಟಲ ತುಂಬ ಕುಡಿಸ್ಯಾರ!"

ಹುಡುಗರು ಕಿಸಕ್ಕೆಂದರು. ಮಾಸ್ತರರ ಮುಖ ಬದನೇಕಾಯಿಯ ಬಣ್ಣಕ್ಕೆ ತಿರುಗಿತು. ಸಾಹೇಬರು ಒಂದು ಚಿಟಿಕೆ ಉಸುಕು ತೆಗೆದು ಬೆರಳಲ್ಲಿ ತಿಕ್ಕಿ ನೋಡಿದರು.

"ಈ ಉಸುಕು ಜರಡಿ ಹಿಡಿಯೋರು ಯಾರು?"

"ನಾನ್ರಿ."

ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಟುಹೋದರು.

ಒಂದು ತಿಂಗಳು ಮನೆಯಲ್ಲಿ ಒಂದೇ ಮಾತು: "ಮೂರು ವರ್ಷದ ಅರ್ಜಿ ನಿನ್ನ ಬುಟ್ಟ್ಯಾಗ ಹೋತು." ಶರಣಿಗೆ ಹಾಲು ಹಾಕುವುದನ್ನು ಮಾತ್ರ ಅವರು ಛಲದಿಂದ ಮುಂದುವರಿಸಿದರು, ನಾನು ಕದ್ದು ಚೆಲ್ಲುತ್ತಿದ್ದೆ. ನನ್ನ ಸೀರೆಗಳನ್ನು ಟ್ರಂಕಿನಲ್ಲಿ ಮಡಿಚಿಟ್ಟೆ. ರಾತ್ರಿ ಕನಸಿನಲ್ಲಿ ಕುಷ್ಟಗಿಯ ದಾರಿಯೇ ಕಾಣುತ್ತಿತ್ತು.

ಆಮೇಲೆ ಸರ್ಕಾರಿ ಮುದ್ರೆಯ ಶಿಕ್ಕಾ ಬಡಿದ ಕಾಗದ ಬಂತು. ಉರ್ದುವಿನಲ್ಲಿ. ಮಾಸ್ತರರು ಅದನ್ನು ತಿರುವಿ ಮುರುವಿ ನೋಡಿ ಮಕ್ಬುಲಸಾಬರನ್ನು ಕರೆಸಿದರು. ಅಣ್ಣನ ಹಿಂದೆಯೇ ತಾಜಬೀ ಬಂದು ಬಾಗಿಲಲ್ಲಿ ನಿಂತಳು. ಮಕ್ಬುಲಸಾಬರು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡರು.

"ಮುಬಾರಕ್ ಮಾಸ್ತರ, ಅಪ್ಪಣಿ ಕೊಟ್ಟಾರ!"

ಟ್ರಂಕಿನ ಸೀರೆ ಹೊರಗೆ ತೆಗೆಯಲು ನಾನು ಎದ್ದೆ.

"ಆದ್ರ ಷರತ್ತು ಅದಾವ," ಎಂದು ಅವರು ಓದುತ್ತ ಹೋದರು. "ಒಂದು, ಸಾಲ್ಯಾಗಿನ ಬೆಕ್ಕಿಗೆ ಹಾಲು ಹಾಕಕೂಡದು. ಎರಡು, ಅದರ ಬುಟ್ಟಿ ಮೂಲಿ ಬಿಟ್ಟು ಸರಸಕೂಡದು. ಮೂರು..." ಇಲ್ಲಿ ಅವರು ತಂಗಿಯ ಮುಖವನ್ನೊಮ್ಮೆ ನೋಡಿದರು. "ಮೂರು, ಉಸುಕನ್ನು ಮಾಸ್ತರರು ತಮ್ಮ ಕೈಯಾರೆ ತೊಳೆದು ಜರಡಿ ಹಿಡೀಬೇಕು."

"ಸರ್ಕಾರದ ಹುಕುಂ ಅಂದ ಮ್ಯಾಲೆ ಮುಗೀತು," ಎಂದರು ಮಾಸ್ತರರು, ಕಾಗದವನ್ನು ಕಣ್ಣಿಗೊತ್ತಿಕೊಂಡು.

ಅವತ್ತಿನಿಂದ ಹಾಲು ನಿಂತಿತು. ಸಂಜೆ ಕಟ್ಟೆಯ ಮೇಲೆ ಕೂತು, "ಬೆಕ್ಕಿಗೆ ಹಾಲು ವಿಷ ಇದ್ದಂಗ. ದೊಡ್ಡ ದೊಡ್ಡವರು ವಿಚಾರ ಮಾಡಿ ಹೇಳ್ಯಾರ," ಎಂದು ಊರಿಗೆಲ್ಲ ಉಪದೇಶ ಮಾಡತೊಡಗಿದರು. ನಾನು ಅದನ್ನೇ ಹೇಳಿ ಬಾಯಿ ನೋಯಿಸಿಕೊಂಡಿದ್ದೆ. ನನ್ನ ಮಾತಿಗೆ ಶಿಕ್ಕಾ ಇರಲಿಲ್ಲ, ಅಷ್ಟೇ.

ಕಾಗದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಒಂದು ದಿನ ಧೂಳು ಒರೆಸುವಾಗ ಹತ್ತಿರದಿಂದ ನೋಡಿದೆ. ನನಗೆ ಉರ್ದು ಬರುವುದಿಲ್ಲ, ಆದರೆ ಎಣಿಸಲು ಬರುತ್ತದೆ. ಕಾಗದದಲ್ಲಿ ಇದ್ದದ್ದು ಎರಡೇ ಸಾಲು. ಅವತ್ತು ಮಕ್ಬುಲಸಾಬರು ಅದನ್ನು ಒಂದು ಚಹ ಆರಿಹೋಗುವಷ್ಟು ಹೊತ್ತು ಓದಿದ್ದರು.

ಹಿತ್ತಲಿಗೆ ಹೋಗಿ ಗೋಡೆಯ ಆಚೆ ಇಣುಕಿದೆ. ತಾಜಬೀ ಆಡಿಗೆ ಸೊಪ್ಪು ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

"ಬೀ," ಎಂದೆ ಮೆಲ್ಲಗೆ, "ನಿಮ್ಮ ಅಣ್ಣಾರು ಆ ಕಾಗದ ಇನ್ನೊಮ್ಮೆ ಓದ್ತಾರೇನು? ಒಂದು ಷರತ್ತು ಬಿಟ್ಟಾರ ಅನಸ್ತೈತಿ."

"ಯಾವುದ ಯಕ್ಕಾ?"

ನಾನು ಹೇಳಿದೆ. ಅವಳು ಮೊದಲ ಸಲ ನಗದೆ ನನ್ನ ಮುಖ ನೋಡಿದಳು.

ಮುಂದಿನ ಸೋಮವಾರ ಮಕ್ಬುಲಸಾಬರು ಬಂದು, ಕನ್ನಡಕ ಒರೆಸಿಕೊಂಡು, ಹೋದ ಸಲ ನಾಲ್ಕನೆಯದು ಕಣ್ಣು ತಪ್ಪಿತ್ತೆಂದು ಹೇಳಿ ಓದಿದರು. ಮಾಸ್ತರರು ಗೋಡೆಯ ಕಾಗದವನ್ನು ಕೆಳಗಿಳಿಸಿ ಮತ್ತೊಮ್ಮೆ ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನನ್ನು ಕರೆದು ಉಸುಕಿನ ಮುಂದೆ ಕೂರಿಸಿ, "ಓಂ ಅಂತ ತಿದ್ದು," ಎಂದರು.

ಬೆರಳಿಡುವ ಮುಂಚೆ ನಾನು ಬಗ್ಗಿ ಒಮ್ಮೆ ಮೂಸಿ ನೋಡಿದೆ. ಜರಡಿ ಛಲೋ ಹಿಡಿದಿದ್ದರು.