ಮುಂದೋಡಿದ ಪಿಟೀಲು

ತನ್ಮಯೀ ಪಿಟೀಲು ಹಿಡಿದದ್ದೇ ಶ್ರೀಲಕ್ಷ್ಮಿ ಹಾಡಲು ಕಲಿತಳೆಂದು. ಭಾಗಮಂಡಲದಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ, ಇಬ್ಬರ ಅಪ್ಪಂದಿರೂ ದೇವಸ್ಥಾನದ ಅರ್ಚಕರು. ಒಬ್ಬಳಿಗೆ ಶೀತವಾದರೆ ಇನ್ನೊಬ್ಬಳು ಸೀನುತ್ತಾಳೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ತನ್ಮಯೀ ಪೆದ್ದಿ, ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಮಡಿಕೇರಿಯ ಬೇಸಿಗೆ ಸಂಗೀತ ಶಿಬಿರಕ್ಕೂ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಬಂದರು. ಶಿಬಿರದ ಕೊನೆಯ ಸಂಜೆ ದೊಡ್ಡ ಕಛೇರಿ. ಹಾಡುವವರನ್ನು ಗುರುಗಳು ಆರಿಸುತ್ತಾರೆ, ಪಕ್ಕವಾದ್ಯದವರನ್ನು ಹಾಡುವವರೇ ಆರಿಸಿಕೊಳ್ಳಬೇಕು. ಈ ಸಲ ಶ್ರೀಲಕ್ಷ್ಮಿಯ ಹೆಸರು ಬಂತು. ಪಿಟೀಲು ಯಾರದ್ದು ಎಂದು ಯಾರೂ ಕೇಳಲೇ ಇಲ್ಲ. ಆ ವೇದಿಕೆಯ ಮೇಲೆ ಗೆಳತಿಯ ಎಡಗಡೆ ಕೂರುವುದೊಂದೇ ತನ್ಮಯೀಯ ವರ್ಷಗಳ ಆಸೆ. ಅವಳು ಆಗಲೇ ಅಮ್ಮನಿಗೆ ಫೋನ್ ಮಾಡಿ ಹಸಿರು ರೇಷ್ಮೆ ಲಂಗ ತರಲು ಹೇಳಿಬಿಟ್ಟಿದ್ದಳು.

ಮರುದಿನ ಅಭ್ಯಾಸಕ್ಕೆ ಕೂತರು. ಕಲ್ಯಾಣಿ ರಾಗದ ಆಲಾಪನೆ. ಹಾಡುವವಳ ಹಿಂದೆಯೇ, ಉಸಿರಿನಷ್ಟು ತಡವಾಗಿ ಪಿಟೀಲು ಬರಬೇಕು. ಇಷ್ಟು ಕಾಲ ಜೊತೆಗಿದ್ದ ತನ್ಮಯೀಗೆ ಶ್ರೀಲಕ್ಷ್ಮಿ ಎಲ್ಲಿ ತಿರುಗುತ್ತಾಳೆ, ಎಲ್ಲಿ ನಿಲ್ಲುತ್ತಾಳೆ ಎಲ್ಲವೂ ಬಾಯಿಪಾಠ. ಮೇಲಿನ ಷಡ್ಜಕ್ಕೆ ಹತ್ತುವ ಹೊತ್ತಿಗೆ, ಅವಳು ಬಾಯಿ ತೆರೆಯುವ ಮೊದಲೇ ಪಿಟೀಲು ಅಲ್ಲಿ ಹೋಗಿ ಕೂತಿತ್ತು.

ಗುರು ವಿಷ್ಣುಪ್ರಸಾದರು ಕೈಯೆತ್ತಿ ನಿಲ್ಲಿಸಿದರು. "ಏನಮ್ಮಾ ಇದು? ಹಾಡೋರು ಯಾರು, ಹಿಂಬಾಲಿಸೋರು ಯಾರು? ನೀನೇ ಎಲ್ಲಾ ಹೇಳಿಬಿಟ್ರೆ ಅವಳು ಮನೆಗೆ ಹೋಗಬಹುದಲ್ಲ!"

ಎಲ್ಲರೂ ನಕ್ಕರು. ತನ್ಮಯೀಯೂ ನಕ್ಕಳು, ಒಳಗೊಳಗೇ ಹಿಗ್ಗಿದಳು ಕೂಡ. ಶ್ರೀಲಕ್ಷ್ಮಿ ಮಾತ್ರ ನಗಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಾ ಶ್ರೀಲಕ್ಷ್ಮಿ ಹೇಳಿದಳು, "ನಾನು ಸ್ಕಂದನನ್ನು ಕೇಳಿದೆ ಮಾರಾಯ್ತಿ. ಪಿಟೀಲಿಗೆ."

ಸ್ಕಂದ ವಿರಾಜಪೇಟೆಯ ಹುಡುಗ, ಶಿಬಿರದಲ್ಲಿ ಪರಿಚಯವಾಗಿ ಒಂದು ವಾರವೂ ಆಗಿರಲಿಲ್ಲ.

"ಇವತ್ತಿನ ತಪ್ಪಿಗಾ? ಇನ್ನು ಹಾಗೆ ಮಾಡುದಿಲ್ಲ, ಆಣೆ."

"ತಪ್ಪಿಗಲ್ಲ ತನು. ನೀನು ಪಕ್ಕದಲ್ಲಿದ್ದರೆ ನಂಗೆ ಹೊಸತು ಏನೂ ಹೊಳೆಯುದೇ ಇಲ್ಲ. ನಿಂಗೆ ಗೊತ್ತಿರುದನ್ನೇ ಹಾಡ್ತೇನೆ."

ಜಗಳವಾಡಿದ್ದರೆ ತನ್ಮಯೀಯೂ ಎರಡು ಮಾತು ಬೈದು ಹಗುರಾಗುತ್ತಿದ್ದಳು. ಇಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುತ್ತು ಅದು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಅಮ್ಮನಿಗೆ ಫೋನ್ ಮಾಡಿ ಲಂಗ ಬೇಡ ಎಂದಳು. ಯಾಕೆಂದು ಕೇಳುವ ಮೊದಲೇ ಅಳು ಬಂದು ಫೋನ್ ಇಟ್ಟಳು.

ಕಛೇರಿಯ ಸಂಜೆ ಅವಳು ಸಭೆಯ ನಡುವೆ ಕೂತಳು. ಶ್ರೀಲಕ್ಷ್ಮಿಯ ಹಾಡು ಕೆಡಲಿ, ಒಂದು ಸಲವಾದರೂ ಅವಳು ತಡವರಿಸಲಿ ಎಂದು ದೇವರನ್ನು ಬೇಡಿಕೊಂಡದ್ದು ನಿಜ. ಕಲ್ಯಾಣಿ ಶುರುವಾಯಿತು. ತನ್ಮಯೀಯ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಓಡಿದವು. ಈಗ ಇಲ್ಲಿ, ಇನ್ನು ಅಲ್ಲಿ, ಈಗ ಮೇಲಿನ ಷಡ್ಜ.

ಶ್ರೀಲಕ್ಷ್ಮಿ ಷಡ್ಜಕ್ಕೆ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತವಳ ಹಾಗೆ ಒಂದು ಸ್ವರ ಕೆಳಗೆ, ನಿಷಾದದಲ್ಲಿ ನಿಂತಳು, ನಿಂತೇ ಇದ್ದಳು, ಆಮೇಲೆ ತನ್ಮಯೀ ಒಮ್ಮೆಯೂ ಕೇಳಿರದ ದಾರಿಯಲ್ಲಿ ನಿಧಾನವಾಗಿ ಇಳಿದಳು. ಸಭೆಯಿಂದ ಭಲೇ ಎಂಬ ಉದ್ಗಾರ ಬಂತು. ಅಷ್ಟು ಚೆಂದ ಅವಳು ಎಂದೂ ಹಾಡಿರಲಿಲ್ಲ. ತನ್ಮಯೀಯ ಬೆರಳುಗಳಿಗೆ ಮುಂದೇನೆಂದು ತಿಳಿಯಲಿಲ್ಲ. ಸ್ಕಂದ ಕಣ್ಣು ಅರಳಿಸಿ ಹಿಂದೆ ಹಿಂದೆಯೇ ಬಂದ. ಶ್ರೀಲಕ್ಷ್ಮಿ ಎಡಕ್ಕೆ ತಿರುಗಿ ಅವನನ್ನು ನೋಡಿ ನಕ್ಕಳು.

ಮುಗಿದ ಮೇಲೆ ಜನರ ನಡುವೆ ನುಗ್ಗಿಕೊಂಡು ಅವಳು ಮೊದಲು ಬಂದದ್ದು ತನ್ಮಯೀಯ ಹತ್ತಿರವೇ. ಬೆವರಿದ ಕೈಯಲ್ಲಿ ಇವಳ ಕೈ ಹಿಡಿದು, "ಹೇಗಿತ್ತು ಹೇಳು," ಎಂದಳು.

"ತುಂಬಾ ಚೆಂದ ಇತ್ತು," ಎಂದಳು ತನ್ಮಯೀ. "ನಾನಿದ್ದಿದ್ರೆ ಅದು ಬರ್ತಾ ಇರ್ಲಿಲ್ಲ ಅಲ್ವಾ?"

ಹಾಗೆಲ್ಲ ಇಲ್ಲ ಮಾರಾಯ್ತಿ ಎನ್ನುತ್ತಾಳೇನೋ ಎಂದು ಕಾದಳು. ಶ್ರೀಲಕ್ಷ್ಮಿಯ ಕಣ್ಣು ತುಂಬಿತು. ಅವಳು ಸುಳ್ಳು ಹೇಳಲಿಲ್ಲ.