ಮಾಳಿಗೆಯ ಮೆಂತ್ಯ

ತಾಟಿನಲ್ಲಿದ್ದ ಮೆಂತ್ಯದ ಪಲ್ಲೆ ನೋಡಿ, ಇದು ಎಲ್ಲಿಂದ ಬಂತು ಎಂದು ಅಮೋಘಿ ಹೆಂಡತಿಯನ್ನು ಕೇಳಿದ. ಬಜಾರದಲ್ಲಿ ಕೊಂಡೆ ಅಂದಳು ಹೊಳೆವ್ವ. ಅವನು ತಾಟು ಸರಿಸಿಟ್ಟ.

"ತಪ್ಪಲ ಕೊಂಡು ತಿನ್ನೂ ಮನಿಯೊಳಗ ನಾ ಇರಂಗಿಲ್ಲ" ಅಂದ.

ಕುರಿಗಾರರು ಸೊಪ್ಪು ಕೊಳ್ಳುವುದಿಲ್ಲ. ಹೊಲದಲ್ಲಿ ರಾತ್ರಿ ಕುರಿ ಕೂಡಿಸಿದರೆ ಗೊಬ್ಬರದ ಬದಲಿಗೆ ಹೊಲದವರು ಜೋಳ ಅಳೆಯುತ್ತಾರೆ. ಬದುವಿನ ಸೊಪ್ಪು ತಪ್ಪಲನ್ನು ಯಾರನ್ನೂ ಕೇಳದೆ ಕಿತ್ತುಕೊಳ್ಳಬಹುದು. ಹಾಗೆ ಬೆಳೆದವನು ಅಮೋಘಿ. ಬರದ ಮರುವರ್ಷ ಬಂದ ಬೇನೆಯಲ್ಲಿ ಅವನ ಹಿಂಡು ಪೂರ್ತಿ ಸತ್ತಿತು. ಈಗ ಬಿಜಾಪುರದ ಹತ್ತಿ ಬಜಾರದಲ್ಲಿ ಹಮಾಲಿ ಮಾಡುತ್ತಿದ್ದ. ಅಥಣಿ ರಸ್ತೆಯ ಹತ್ತಿರ ಶಹಜಾದಿ ಎಂಬ ವಿಧವೆಯ ಮನೆಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದರು. ಅವನ ಅಣ್ಣ ಖಂಡಪ್ಪನ ಹಿಂಡು ಮಾತ್ರ ಉಳಿದಿತ್ತು, ಇಟ್ಟಂಗಿಹಾಳದ ಖಾಲಿ ಹೊಲಗಳಲ್ಲಿ ತಂಗಿತ್ತು. ಪಂಚಮಿ ಆದ ಮೇಲೆ ಹಿಂಡು ಹೊಳೆಯ ಕಡೆಗೆ ಹೊರಡುವುದಿತ್ತು. ನೀನೂ ಬಾ, ಹುಟ್ಟುವ ಮರಿಗಳಲ್ಲಿ ಪಾಲು ಕೊಡುತ್ತೇನೆ ಎಂದು ಖಂಡಪ್ಪ ಹೇಳಿದ್ದ.

ಹೊಳೆವ್ವನಿಗೆ ಹೋಗುವ ಮನಸ್ಸಿರಲಿಲ್ಲ. ಮೊದಲ ಕೂಸು ಹಿಂಡಿನ ಹಿಂದೆ ತಿರುಗುವಾಗಲೇ ಜ್ವರ ಬಂದು ಸತ್ತಿತ್ತು. ಯಾರದೋ ಹೊಲದ ಬದುವಿನಲ್ಲಿ ಹುಗಿದಿದ್ದರು. ಆ ಹೊಲ ಯಾರದು ಎಂದು ಈಗಲೂ ಅವಳಿಗೆ ಗೊತ್ತಿಲ್ಲ. ಈಗ ಮತ್ತೆ ನಾಲ್ಕು ತಿಂಗಳಾಗಿತ್ತು. ಇದನ್ನು ಸೂರಿನ ಕೆಳಗೆ ಹಡೆಯಬೇಕು, ದವಾಖಾನೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಇಷ್ಟೇ ಅವಳ ಲೆಕ್ಕ. ತಪ್ಪಲು ಕೊಳ್ಳುವುದೇ ಅವನಿಗೆ ಅಡ್ಡಿಯಾದರೆ ಕೊಳ್ಳದೆ ಇದ್ದರಾಯಿತು ಅಂದುಕೊಂಡಳು.

ಚಹಾದಂಗಡಿಯವರು ಎಸೆದ ಡಾಲ್ಡಾ ಡಬ್ಬಿ, ತುಕ್ಕು ತಿಂದ ಎಣ್ಣೆ ಡಬ್ಬಿ, ಕಂಠ ಒಡೆದ ಗಡಿಗೆಗಳನ್ನು ಆರಿಸಿ ತಂದಳು. ಮೊಳೆಯಿಂದ ತಳಕ್ಕೆ ತೂತು ಹೊಡೆದು, ಹಂಚಿನ ಚೂರು ಹಾಕಿದಳು. ಬರೀ ಎರೆಮಣ್ಣು ತುಂಬಿದ ಮೊದಲ ಡಬ್ಬಿ ಒಣಗಿ ಕಲ್ಲಾಯಿತು; ಆಮೇಲೆ ಅರ್ಧ ಉಸುಕು ಬೆರೆಸಿದಳು. ಇಡಲು ಜಾಗವಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಮಣ್ಣಿನ ಮಾಳಿಗೆ, ನೀರು ನಿಂತರೆ ಸೋರುತ್ತದೆ. ಗೋಡೆಯ ನೇರಕ್ಕೆ ಮಾತ್ರ ಇಡು, ಕೆಳಗೆ ಕಲ್ಲು ಕೊಡು ಎಂದಳು ಶಹಜಾದಿ. ಸೋರಿದರೆ ನಿನ್ನ ಗಂಡನನ್ನೇ ಮಣ್ಣು ಹೊರಲು ಹಚ್ಚುತ್ತೇನೆ, ಹಮಾಲಿ ಅಂತೂ ಮನೆಯಲ್ಲೇ ಇದ್ದಾನೆ ಅಂತಲೂ ಸೇರಿಸಿದಳು.

ಭೂತನಾಳ ಕೆರೆಯ ನೀರು ಓಣಿಯ ನಳಕ್ಕೆ ದಿನಾ ಬರುತ್ತಿರಲಿಲ್ಲ. ಬೇಳೆಕಾಳು ತೊಳೆದ ನೀರು, ಮುಸುರೆ ಗಲಬರಿಸಿದ ನೀರು, ಮುಖ ತೊಳೆದ ನೀರು ಎಲ್ಲವನ್ನೂ ಬಕೀಟಿನಲ್ಲಿ ಹಿಡಿದು ನಿಚ್ಚಣಿಕೆ ಹತ್ತಿ ಒಯ್ದಳು. ಕೊತ್ತಂಬರಿ ಬೀಜವನ್ನು ಚಪ್ಪಲಿಯ ಕೆಳಗೆ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿದಳು. ಮೆಂತ್ಯ ಮೊದಲು ಎದ್ದಿತು. ಹಿಂದೆ ರಾಜಗಿರಿ, ಗಡಿಗೆಯಲ್ಲಿ ಮೆಣಸಿನ ಸಸಿ. ಮಳೆಗಾಲ ಹಿಡಿಯುವ ಹೊತ್ತಿಗೆ ಪಲ್ಲೆಗೆ ಸಾಕಾಗಿ, ಶಹಜಾದಿಗೂ ಒಂದು ಹಿಡಿ ಕೊಡುವಂತಾಯಿತು. ಅಮೋಘಿ ತಿಂದ. ಚೆನ್ನಾಗಿದೆ ಅನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಒಮ್ಮೆ ಖಂಡಪ್ಪ ಬಂದು ಮಾಳಿಗೆ ಹತ್ತಿ ನೋಡಿದ.

"ಏನವಾ ಹೊಳೆವ್ವಾ, ಎಷ್ಟ ಎಕರೆ ಐತಿ? ಎತ್ತ ಎಲ್ಲಿ ಕಟ್ಟೀದಿ?"

"ಎತ್ತ ಬಜಾರಕ್ಕ ದುಡ್ಯಾಕ ಹೋಗೇತಿ" ಅಂದಳು.

ಖಂಡಪ್ಪ ಬಹಳ ಹೊತ್ತು ನಕ್ಕ. ಸಂಜೆ ಅದನ್ನು ತಮ್ಮನಿಗೂ ಹೇಳಿದ. ಅಮೋಘಿ ನಗಲಿಲ್ಲ.

ಪಂಚಮಿಗೆ ಹೊಳೆವ್ವ ಬಬಲೇಶ್ವರದ ತವರಿಗೆ ಹೋದಳು. ಅವಳ ತಾಯಿ ಮಲಕವ್ವ ಅಮೋಘಿಯ ಸ್ವಂತ ಅಕ್ಕ. ಹೊಳೆವ್ವ ಮದುವೆಯಾದ ಮೇಲೂ ಗಂಡನನ್ನು ಮಾವ ಅಂತಲೇ ಕರೆಯುತ್ತಿದ್ದಳು. ಡಬ್ಬಿಗಳಿಗೆ ನೀರು ಹಾಕು ಎಂದು ಅವನಿಗೆ ಹೇಳಿ ಹೋಗಿದ್ದಳು. ಹಬ್ಬದ ಜೋಳದ ಅಳ್ಳು, ತಂಬಿಟ್ಟು ಕಟ್ಟಿಕೊಂಡು ತಿರುಗಿ ಬಂದಾಗ ಮಾಳಿಗೆಯ ಮೇಲೆ ಹಸಿರು ಉಳಿದಿರಲಿಲ್ಲ. ಮೆಂತ್ಯ ಕಂದಿ ಮಲಗಿತ್ತು. ಮೆಣಸಿನ ಎಲೆಗಳ ಅಂಚು ಬೆಂಕಿ ತಾಗಿದಂತೆ ಸುಟ್ಟಿತ್ತು. ಡಬ್ಬಿಯೊಳಗೆ ಬೆರಳು ತೂರಿಸಿ ನೋಡಿದಳು. ನಾಲ್ಕು ಬೆರಳು ದಪ್ಪ ಹಸಿ ಕುರಿಹಿಕ್ಕಿ.

ಖಂಡಪ್ಪ ಹಿಕ್ಕಿಯ ಚೀಲ ತಂದಿಳಿಸಿದ, ನಿನ್ನ ಗಂಡ ಒಂದು ಡಬ್ಬಿ ಬಿಡದೆ ಸುರುವಿದ, ನೀರಂತೂ ಹಾಕಲಿಲ್ಲ ಎಂದಳು ಶಹಜಾದಿ. ಗೊಬ್ಬರದ ವಿಷಯದಲ್ಲಿ ಕುರಿಗಾರರಿಗೆ ತಾನೇನು ಹೇಳುವುದು ಎಂದು ಸುಮ್ಮನಿದ್ದಳಂತೆ.

ಕುರಿ ಕೂತ ಹೊಲವನ್ನು ಅದರ ಮೇಲೊಂದು ದೊಡ್ಡ ಮಳೆ ಬೀಳುವ ತನಕ ಬಿತ್ತುವುದಿಲ್ಲ. ಹಸಿ ಹಿಕ್ಕಿಗೆ ಕಾವು ಬಹಳ. ಕುರಿಗಾರರ ಮನೆಯ ಸಣ್ಣ ಹುಡುಗಿಗೂ ಇದು ಗೊತ್ತು.

ರಾತ್ರಿ ಊಟಕ್ಕೆ ನೀಡಿದ ಮೇಲೆ ಕೇಳಿದಳು.

"ಮಾವ, ಹಸಿ ಹಿಕ್ಕಿ ಸುಡತೈತಿ ಅನ್ನೂದು ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

"ಮತ್ತ?"

ಅವನು ರೊಟ್ಟಿ ಮುರಿದು ಚಟ್ನಿಗೆ ಅದ್ದಿದ. "ಚಲೋ ಬೆಳದಿದ್ದುವು. ಇನ್ನ ನೀ ಬರಂಗಿಲ್ಲ ಅನಸ್ತು."

ಸಿಟ್ಟು ಬರುತ್ತದೆ ಎಂದು ಹೊಳೆವ್ವ ಕಾದಳು. ಬರಲಿಲ್ಲ. ಕೂಸನ್ನು ಹುಗಿದ ದಿನವೂ ಹೀಗೆಯೇ ಆಗಿತ್ತು. ಮಣ್ಣೆಳೆದು ಕೈ ತೊಳೆದು ಹಿಂಡಿನ ಹಿಂದೆ ನಡೆದಿದ್ದಳು. ಹಿಂಡು ಸತ್ತಾಗ ಅಮೋಘಿಯೂ ಹಾಗೆಯೇ ಇದ್ದ, ಬೇರೆಯವರ ಕುರಿ ಎಂಬಂತೆ ಕಾಲು ಹಿಡಿದು ತೋಡಿದ ಕುಣಿಗೆ ಎಳೆದು ಹಾಕಿದ್ದ. ಅವನಿಗೆ ಇನ್ನೊಂದು ರೊಟ್ಟಿ ಹಾಕಿ, ತಾನೂ ಉಂಡು ಮಲಗಿದಳು.

ಹಿಂಡು ಹೊರಡುವ ದಿನ ಖಂಡಪ್ಪ ಬೆಳಿಗ್ಗೆಯೇ ಬಂದ. ಅಮೋಘಿ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು, ಭಾಂಡೆ ಸಾಮಾನು ಕಟ್ಟು ಎಂದು ಹೆಂಡತಿಗೆ ಹೇಳಿದ. ಅವಳು ಕೂತಲ್ಲಿಂದ ಏಳಲಿಲ್ಲ.

"ನೀ ಹೋಗು. ನಾ ಬರಂಗಿಲ್ಲ."

"ಬಾಡಿಗಿ ಯಾರ ಕೊಡತಾರ?"

"ಜಿನ್ನಿನ ಗಿರಣ್ಯಾಗ ಹತ್ತಿ ಆರಸಾಕ ಹೋಗತೇನಿ. ಶಹಜಾದಿ ಚಾಚಿ ಮಾತಾಡ್ಯಾಳ."

"ಹಡಿಯೂದು?"

"ದವಾಖಾನಿ ಐತಿ."

ಅಮೋಘಿ ಬಾಗಿಲಲ್ಲಿ ನಿಂತ. ಖಂಡಪ್ಪ ಅವನ ಕಂಬಳಿ ಹಿಡಿದು ಎಳೆದ.

"ನಡೀಲೇ. ನಾಕ ದಿನ ಹಸದ್ರ ತಾನ ಹಿಂದ ಬರತಾಳ. ಮೇವ ಇಲ್ಲದ ಕಡೆ ಯಾವ ಕುರಿ ನಿಂತಾವು?"

ಅಣ್ಣ ತಮ್ಮ ಇಬ್ಬರೂ ಓಣಿ ದಾಟಿ ಹೋದರು. ಅಮೋಘಿ ತಿರುಗಿ ನೋಡಿದನೋ ಇಲ್ಲವೋ ಅವಳು ಗಮನಿಸಲಿಲ್ಲ, ಅಷ್ಟರಲ್ಲಿ ನಿಚ್ಚಣಿಕೆ ಹತ್ತಿದ್ದಳು. ಡಬ್ಬಿಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಬೇರುಗಳು ಕಪ್ಪಾಗಿದ್ದವು, ಹಿಡಿದರೆ ಪುಡಿಯಾದವು. ಮಣ್ಣನ್ನೂ ಹಿಕ್ಕಿಯನ್ನೂ ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದು ಬಂದಳು. ಎರಡು ಮೂರು ಸಲ ಹತ್ತಿ ಇಳಿಯುವಷ್ಟರಲ್ಲಿ ಸೊಂಟ ನೋಯತೊಡಗಿತು. ಮಾಳಿಗೆಯ ಅಂಚಿನಲ್ಲಿ ಕೂತಳು.

ಕೆಳಗಿನಿಂದ ಶಹಜಾದಿ ನಳ ಬಂದಿದೆ ಅಂದಳು. ಹೊಳೆವ್ವ ಇಳಿದು ಕೊಡ ತೆಗೆದುಕೊಂಡು ಹೋದಳು. ಪಾಳಿಯಲ್ಲಿ ಅವಳ ಮುಂದೆ ಬಹಳ ಮಂದಿ ಇದ್ದರು.