ಟ್ಯಾಂಕ್ ಕಾಯುವ ಪೆಟ್ಟಿಗೆ ಮತ್ತು ಮಾವನ ಹೆಸರು

ಟ್ಯಾಂಕ್ ತುಂಬಿ ನೀರು ರಸ್ತೆಗೆ ಹರಿಯುತ್ತದೆ. ಗುಡ್ಡದ ಮೇಲಿನ ಮನೆಗಳ ನಲ್ಲಿ ಒಣಗಿರುತ್ತದೆ. ಪಂಪ್ ನಿಲ್ಲಿಸುವವರು ಸಮಯಕ್ಕೆ ಸಿಗುವುದಿಲ್ಲ. ಎಲ್ಲ ಊರಿನ ಗೋಳಿದು.

ಅಕ್ಷಿತಾ ಇದಕ್ಕೊಂದು ಸಾಧನ ಮಾಡಿದಳು. ನೀರಿನ ಮಟ್ಟ ನೋಡಿ ತಾನೇ ಪಂಪ್ ನಿಲ್ಲಿಸುವ ಪುಟ್ಟ ಪೆಟ್ಟಿಗೆ. ಮಿಜಾರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗ ಹೊಳೆದದ್ದು. ಈಗ ಮೆಲ್ಕಾರಿನಲ್ಲಿ, ಅವಳ ಸೋದರಮಾವ ಮುಂಡಪ್ಪ ಶೆಟ್ಟರ ಹೋಟೆಲಿನ ಮಹಡಿಯಲ್ಲಿ ಅವಳೂ ಸೇರಿ ನಾಲ್ವರು ಕೂತು ಅದನ್ನು ಜೋಡಿಸಿ ಮಾರುತ್ತಿದ್ದರು.

ಇಂಥ ಪೆಟ್ಟಿಗೆಗಳಿಗೆ ಸರ್ಕಾರಿ ಟೆಂಡರ್ ಬಂತು. ಸಿಕ್ಕಿದರೆ ಮಹಡಿಯ ಕೆಲಸ ಕಾರ್ಖಾನೆಯಾಗುತ್ತದೆ. ಶೆಟ್ಟರು ಖುಷಿಯಿಂದ ಬಿಸಿ ಬನ್ಸ್ ತರಿಸಿದರು. ಅಕ್ಷಿತಾಳ ಗೆಳತಿ, ಕಂಪೆನಿ ನೋಂದಣಿಯ ಕೆಲಸ ಮಾಡುವ ಝೈನಬ್ ತಟ್ಟೆ ಮುಟ್ಟಲಿಲ್ಲ.

"ಶೆಟ್ರೇ, ಬನ್ಸ್ ಆಮೇಲೆ ತಿನ್ನುವ. ವ್ಯವಹಾರ ಈಗಲೂ ನಿಮ್ಮ ಹೆಸರಿನಲ್ಲೇ ಉಂಟಾ?"

"ಮತ್ತೆ? ಹೋಟೆಲಿನ ಜಿಎಸ್‌ಟಿ ನಂಬರಿನಲ್ಲೇ ಬಿಲ್ಲು. ಸೋದರಮಾವ ಗಟ್ಟಿ ಇರುವಾಗ ಬೇರೆ ಹೆಸರು ಯಾಕೆ ಮಾರಾಯ್ತಿ?"

"ಹಾಗಾದರೆ ಕಷ್ಟ. ಈ ಟೆಂಡರಿಗೆ ಹಳೆಯ ಅನುಭವ ಬೇಕು, ದೊಡ್ಡ ವಹಿವಾಟು ಬೇಕು. ಸ್ಟಾರ್ಟಪ್, ಅಂದರೆ ಹೊಸ ಉದ್ಯಮ ಅಂತ ಸರ್ಕಾರದ ಮಾನ್ಯತೆ ಇದ್ದರೆ ಅದರಲ್ಲಿ ವಿನಾಯಿತಿ ಉಂಟು. ಸಣ್ಣವರು ದೊಡ್ಡವರಾಗಲಿ ಅಂತಲೇ ಆ ನೀತಿ. ಆದರೆ ಒಬ್ಬರೇ ಮಾಲಕರ ಅಂಗಡಿಗೆ ಮಾನ್ಯತೆ ಸಿಗುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪೆನಿಯೋ ನೋಂದಾಯಿತ ಪಾಲುದಾರಿಕೆಯೋ ಅಂಥದ್ದು ಆಗಿರಬೇಕು."

"ಅದೆಲ್ಲ ಬೆಂಗಳೂರಿನವರಿಗೆ. ನಮಗೆ ಯಾರು ಕೊಡ್ತಾರೆ?"

"ಹಾಗೆ ಅಂದುಕೊಂಡು ನೀವು ಕೇಳಲೇ ಇಲ್ಲ."

ಶೆಟ್ಟರ ದನಿ ಇಳಿಯಿತು. "ನಾಳೆಯೇ ಕಂಪೆನಿ ಮಾಡುವ. ಆಗದಾ?"

"ಇರುವ ವ್ಯಾಪಾರವನ್ನೇ ಒಡೆದು, ಬದಲಿಸಿ ಮಾಡಿದ ಕಂಪೆನಿಗೆ ಮಾನ್ಯತೆ ಇಲ್ಲ ಅಂತ ನಿಯಮ ಉಂಟು. ಅರ್ಜಿ ಹಾಕಿ ನೋಡುವ. ಆದರೆ ಸಿಗ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಟೆಂಡರಿನ ಕೊನೆಯ ದಿನದೊಳಗೆ ಅಂತೂ ಆಗಲಿಕ್ಕಿಲ್ಲ."

ಅಕ್ಷಿತಾ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟಳು. "ಶುರುವಿನಲ್ಲೇ ಕೇಳಿದ್ದೆ ಅಲ್ವಾ ಮಾವ, ಬೇರೆ ಕಂಪೆನಿ ಮಾಡುವಾ ಅಂತ. ನೀವು, ನನ್ನ ಹೆಸರು ನಿನಗೆ ಸಾಲದಾ ಅಂದಿರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಶೆಟ್ಟರಿಗೆ ಅದೇ ಹೆಚ್ಚು ನೋವಾಯಿತು.

ಟೆಂಡರ್ ಹೊರಗಿನ ದೊಡ್ಡ ಕಂಪೆನಿಗೆ ಹೋಯಿತು. ಹೊಸ ಕಂಪೆನಿ ಮಾಡಿ ಮಾನ್ಯತೆಗೆ ತಡವಾಗಿ ಹಾಕಿದ ಅರ್ಜಿಯೂ ತಿರಸ್ಕೃತವಾಯಿತು. ಮಹಡಿಯ ನಾಲ್ವರೂ ಬೇರೆ ಕೆಲಸ ಹುಡುಕಿಕೊಂಡರು. ಅಕ್ಷಿತಾ ಈಗ ಅದೇ ದೊಡ್ಡ ಕಂಪೆನಿಯ ಸಂಬಳಕ್ಕೆ ಊರೂರು ತಿರುಗಿ, ಅವರ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತಾಳೆ.

ಮೊನ್ನೆ ಹೋಟೆಲಿನ ಎದುರಿನ ಟ್ಯಾಂಕ್ ಏರಿ ಕೆಲಸ ಮಾಡುತ್ತಿದ್ದಳು. ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ಹೊರಬಂದರು. ಟ್ಯಾಂಕ್ ತುಂಬಿತು, ಪಂಪ್ ತಾನೇ ನಿಂತಿತು. ಒಂದು ಹನಿಯೂ ರಸ್ತೆಗೆ ಬೀಳಲಿಲ್ಲ.

ಚಾ ಕುಡಿಯುತ್ತಿದ್ದವರೊಬ್ಬರು, "ಒಳ್ಳೆ ಕಂಪೆನಿ ಅಲ್ವಾ ಶೆಟ್ರೇ?" ಎಂದರು.

"ನಾನು ನನ್ನ ಹೆಸರು ಹಾಕದಿದ್ದರೆ ಆ ಪೆಟ್ಟಿಗೆಯ ಮೇಲೆ ಅವಳ ಹೆಸರು ಇರ್ತಿತ್ತು," ಎಂದರು ಶೆಟ್ಟರು. ಕೇಳಿದವರಿಗೆ ಅರ್ಥವಾಗಲಿಲ್ಲ.

ಓದುಗರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೊಸದೊಂದನ್ನು ಕಂಡುಹಿಡಿದಿದ್ದರೆ, ಮೊದಲ ಬಿಲ್ಲು ಬರೆಯುವ ಮುಂಚೆ ಸಂಸ್ಥೆ ಯಾವ ರೂಪದ್ದು ಎಂದು ನಿರ್ಧರಿಸಿ. ಸ್ಟಾರ್ಟಪ್ ಇಂಡಿಯಾ ಜಾಲತಾಣದಲ್ಲಿ ಮಾನ್ಯತೆಯ ಅರ್ಜಿಗೆ ಶುಲ್ಕವಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ; ಇಂದಿನದನ್ನು ಓದಿ, ಬಲ್ಲವರನ್ನು ಕೇಳಿ. ಹಿರಿಯರೇ, ಮಕ್ಕಳಿಗೆ ಮಹಡಿ ಬಿಟ್ಟುಕೊಡಿ, ಧೈರ್ಯ ಕೊಡಿ. ಹೆಸರು ಅವರದೇ ಇರಲಿ.